ಡ್ರೈವರ್ ಭಾವ

ನಮ್ಮ ಭಾವನವರಿಗೆ ಕಾರು ಓಡಿಸಲು ಬರುವುದಿಲ್ಲ. ಸ್ಕೂಟರನ್ನೂ ಅಕ್ಕನೇ ಓಡಿಸಬೇಕು, ಇವರು ಹಿಂದೆ ಕೂರಬೇಕು. ಆದರೂ ನೆಂಟರಿಷ್ಟರಲ್ಲೆಲ್ಲ ಅವರು ‘ಡ್ರೈವರ್ ಭಾವ’ ಎಂದೇ ಪ್ರಸಿದ್ಧರು. ಯಾರ ಮನೆಯ ಪ್ರಿಂಟರ್ ಮುನಿಸಿಕೊಂಡರೂ ಫೋನು ಹೋಗುವುದು ಅವರಿಗೇ. ನಿವೃತ್ತರಾದ ಮೇಲೆ ಕೆಲವರು ಭಜನೆ ಹಿಡಿಯುತ್ತಾರೆ, ಕೆಲವರು ಪಾರ್ಕಿನ ಬೆಂಚು ಹಿಡಿಯುತ್ತಾರೆ. ಭಾವ ಡ್ರೈವರ್ ಹಿಡಿದರು. ಕಂಪ್ಯೂಟರಿಗೂ ಪ್ರಿಂಟರಿಗೂ ಮಾತು ಕೂಡಿಸುವ ತಂತ್ರಾಂಶ ಅದು. ನಿಮ್ಮ ಬಡಾವಣೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ, ಹುಡುಕಿ ನೋಡಿ.

ಯಾರದೋ ಮದುವೆಯಲ್ಲಿ ತಾಂಬೂಲಕ್ಕೆ ಕೊಟ್ಟ ಬಟ್ಟೆಚೀಲವೇ ಅವರ ಕಿಟ್ಟು. ಅದರಲ್ಲಿ ಎರಡು ಪೆನ್‌ಡ್ರೈವ್, ಒಂದು ಟಾರ್ಚು, ವಿಂಡೋಸ್ ಎಕ್ಸ್‌ಪಿ ಕಾಲದ ಒಂದು ಕಂತೆ ಡ್ರೈವರ್ ಸಿಡಿ. ಈಗಿನ ಲ್ಯಾಪ್‌ಟಾಪುಗಳಿಗೆ ಸಿಡಿ ಹಾಕುವ ಬಾಯೇ ಇಲ್ಲ ಎಂದರೆ, “ಇರಲಿ ಬಿಡಯ್ಯ, ಅದೇನು ಊಟ ಕೇಳುತ್ತಾ?” ಎನ್ನುತ್ತಾರೆ.

ಒಮ್ಮೆ ನನ್ನ ಮಗಳಿಗೆ ಬೆಳಗಾದರೆ ಸಿಇಟಿ. ರಾತ್ರಿ ಎಂಟಕ್ಕೆ ಹಾಲ್ ಟಿಕೆಟ್ ಪ್ರಿಂಟ್ ತೆಗೆಯಲು ಕೂತರೆ ಯಂತ್ರ ಮಿಸುಕಲಿಲ್ಲ. ಭಾವ ಬಂದರು. ಚಪ್ಪಲಿ ಬಿಡುತ್ತಲೇ, ಹೊಟ್ಟೆ ಕೆಟ್ಟವನನ್ನು ಡಾಕ್ಟರು ವಿಚಾರಿಸುವ ಧಾಟಿಯಲ್ಲಿ ಕೇಳಿದರು: “ಎಷ್ಟು ಸಲ ಆಯ್ತು?”

“ಎಂಟು ಸಲ ಒತ್ತಿದೆ, ಭಾವ.”

“ಎಂಟೂ ಕ್ಯೂನಲ್ಲಿ ಕಟ್ಟಿಕೊಂಡಿದೆ. ಕಾಫಿ ಹೇಳು.”

ಹೊಸ ಡ್ರೈವರ್ ಹಾಕುವುದರಲ್ಲಿ ಭಾವನವರಿಗೆ ಅಂಥ ಆಸಕ್ತಿಯಿಲ್ಲ. ಹಾಕುವುದನ್ನು ಯಾರು ಬೇಕಾದರೂ ಮಾಡುತ್ತಾರೆ, ವಿದ್ಯೆ ಇರುವುದು ಕೀಳುವುದರಲ್ಲಿ ಎಂಬುದು ಅವರ ಸಿದ್ಧಾಂತ. ನಾನು ಜಾಣನಂತೆ ‘ರಿಮೂವ್ ಡಿವೈಸ್’ ಒತ್ತಿದ್ದೆ. “ನೀನು ಬಾಗಿಲ ಮೇಲಿನ ಬೋರ್ಡು ಕಿತ್ತಿದೀಯ ಅಷ್ಟೆ. ಬಾಡಿಗೆದಾರ ಒಳಗೇ ಮಲಗಿದಾನೆ” ಎಂದರು. ಕೇಬಲನ್ನು ಆ ತೂತಿನಿಂದ ಈ ತೂತಿಗೆ ಬದಲಾಯಿಸಿದಾಗಲೆಲ್ಲ ಕಂಪ್ಯೂಟರು ಅದೇ ಪ್ರಿಂಟರನ್ನು ‘ಕಾಪಿ 1’, ‘ಕಾಪಿ 2’ ಎಂದು ಮತ್ತೆ ಮತ್ತೆ ಹೆತ್ತಿತ್ತು. “ಕಾಂಗ್ರೆಸ್ ಗಿಡ ಇದ್ದ ಹಾಗೆ ಇದು. ಬೇರು ಸಮೇತ ಕೀಳಬೇಕು.”

ಕಿತ್ತರು. ಮೊದಲು ಸ್ಪೂಲರ್ ನಿಲ್ಲಿಸಿದರು. ಪ್ರಿಂಟಾಗಬೇಕಾದ ಪುಟಗಳನ್ನು ಸಾಲಾಗಿ ನಿಲ್ಲಿಸುವ ಗುಮಾಸ್ತ ಅದು. 2021ರ ಜುಲೈನಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ಭದ್ರತಾ ಬಿರುಕು ಹೊರಬಿದ್ದಾಗ, ಸ್ಪೂಲರನ್ನೇ ನಿಲ್ಲಿಸಿಡಬಹುದೆಂದು ಸ್ವತಃ ಮೈಕ್ರೋಸಾಫ್ಟ್ ಹೇಳಿತ್ತು. “ನಾನು ಮೊದಲಿಂದ ಹೇಳ್ತಾ ಬಂದಿದ್ದು ಅದನ್ನೇ” ಎಂದು ಭಾವ ಇಂದಿಗೂ ಬೀಗುತ್ತಾರೆ. ಗುಮಾಸ್ತ ಮಲಗಿದ ಮೇಲೆ ಅವನ ಫೋಲ್ಡರಿನಲ್ಲಿದ್ದ ಎಂಟೂ ಕಡತ ಅಳಿಸಿ, ಅವನನ್ನು ಮತ್ತೆ ಎಬ್ಬಿಸಿದರು. ಆಮೇಲೆ ಕಣ್ಣು ಅರೆಮುಚ್ಚಿ, “ಪ್ರಿಂಟ್‌ಯುಐ, ಸ್ಲ್ಯಾಶ್ ಎಸ್, ಸ್ಲ್ಯಾಶ್ ಟಿ ಟೂ” ಎಂದು ಜಪಿಸುತ್ತ ಟೈಪ್ ಮಾಡಿದರು. ಅಡಗಿದ್ದ ಡ್ರೈವರುಗಳ ಪಟ್ಟಿ ತೆರೆಯಿತು. ಮೂರು ವರ್ಷದ ಹಿಂದೆ ಗುಜರಿಗೆ ಹಾಕಿದ ಪ್ರಿಂಟರಿನ ಡ್ರೈವರೂ ಅಲ್ಲಿ ಆರಾಮಾಗಿ ಕೂತಿತ್ತು. ಪ್ಯಾಕೇಜು ಸಮೇತ ಒಂದೊಂದನ್ನೇ ಒಕ್ಕಲೆಬ್ಬಿಸುವಾಗ ಭಾವನ ಮುಖದಲ್ಲಿ ಎಳ್ಳುನೀರು ಬಿಟ್ಟವರ ಶಾಂತಿ.

ಹೊಸದನ್ನು ಇಳಿಸಿಕೊಳ್ಳಲು ಹುಡುಕಿದರೆ ಪರದೆ ತುಂಬ ‘ಡೌನ್‌ಲೋಡ್’ ಗುಂಡಿಗಳು. “ದೊಡ್ಡದಾಗಿ, ಹಸಿರಾಗಿ, ಮಿಣಮಿಣ ಅನ್ನೋದೆಲ್ಲ ಮೋಸ. ಕಂಪನಿಯ ಸ್ವಂತ ಸೈಟಿಗೆ ಹೋಗು, ಮೂಲೆಯಲ್ಲಿ ನಾಚಿಕೊಂಡು ಕೂತಿರುತ್ತಲ್ಲ, ಅದೇ ಅಸಲಿ.” ಅಷ್ಟರಲ್ಲಿ ಎರಡನೆಯ ಕಾಫಿ ಮುಗಿದಿತ್ತು.

ನನ್ನ ಕೈ ಕೇಬಲಿನತ್ತ ಹೋಯಿತು. “ಮುಟ್ಟಬೇಡ!” ಎಂದು ಗದರಿದರು. ಇನ್‌ಸ್ಟಾಲರ್ ಕೇಳುವ ಮೊದಲೇ ಯುಎಸ್‌ಬಿ ಚುಚ್ಚಿದರೆ ಕಂಪ್ಯೂಟರು ತನಗೆ ತೋಚಿದ ಡ್ರೈವರನ್ನು ಕಟ್ಟಿಕೊಂಡುಬಿಡುತ್ತದಂತೆ. ಪರದೆಯ ಪಟ್ಟಿ ತೆವಳಿತು. ಮನೆಮಂದಿಯೆಲ್ಲ ಉಸಿರು ಬಿಗಿಹಿಡಿದು ನಿಂತೆವು. “ಈಗ ಕೇಬಲ್ ಜೋಡಿಸಿ” ಎಂಬ ಸಾಲು ಮೂಡಿದ್ದೇ ತಡ ಭಾವ ಕೈಯೆತ್ತಿ, “ಗಟ್ಟಿಮೇಳ!” ಎಂದರು. ಚುಚ್ಚಿದೆ. ಪ್ರಿಂಟರು ಕೆಮ್ಮಿತು, ಹಾಳೆ ಎಳೆದುಕೊಂಡಿತು, ಹೊರಗೆ ಬಿಟ್ಟಿತು. ಟೆಸ್ಟ್ ಪೇಜು.

ಭಾವನ ಮಟ್ಟಿಗೆ ಕತೆ ಮುಗಿಯುವುದು ಅಲ್ಲೇ. ಅದನ್ನು ಬೆಳಕಿಗೆ ಹಿಡಿದು ನೋಡಿ, ಮಡಚಿ ನನ್ನ ಕೈಗಿತ್ತು ಎದ್ದರು. ನಮ್ಮನೆಯಲ್ಲಿ ಹಾಲಿನ ಲೆಕ್ಕ, ಅಗಸರ ಲೆಕ್ಕ ಎಲ್ಲ ಈ ಟೆಸ್ಟ್ ಪೇಜುಗಳ ಬೆನ್ನ ಮೇಲೇ ನಡೆಯುತ್ತದೆ. “ಹಾಲ್ ಟಿಕೆಟ್ಟು?” ಎಂದು ನೆನಪಿಸಿದೆ. ಮಗಳು ಎಂಟೂವರೆಗೇ ಮೂಲೆಯ ಜೆರಾಕ್ಸ್ ಅಂಗಡಿಗೆ ಹೋಗಿ, ಎರಡು ಪ್ರತಿ ತೆಗೆಸಿಕೊಂಡು ಬಂದು ಮಲಗಿದ್ದಳು. ಗಡಿಯಾರ ಹನ್ನೊಂದು ತೋರಿಸುತ್ತಿತ್ತು.

ಈಚೆಗೆ ಭಾವ ಮಂಕಾಗಿದ್ದಾರೆ. ಪ್ರತಿ ಕಂಪನಿಯ ಪ್ರಿಂಟರ್ ಡ್ರೈವರನ್ನೂ ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತಹಂತವಾಗಿ ನಿಲ್ಲಿಸುತ್ತೇವೆ, ಹೊಸ ಪ್ರಿಂಟರುಗಳಿಗೆ ಎಲ್ಲಕ್ಕೂ ಹೊಂದುವ ಒಂದೇ ಡ್ರೈವರ್ ಸಾಕು ಎಂದು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಸಾರಿತು. ಅಕ್ಕನ ಮಗ ತಂದ ವೈಫೈ ಪ್ರಿಂಟರು ಯಾವ ಸಿಡಿಯನ್ನೂ ಕೇಳದೆ ಮೊಬೈಲಿನಿಂದಲೇ ಪ್ರಿಂಟ್ ಕೊಡುತ್ತಿದೆ. ಭಾವ ದಿನಕ್ಕೊಮ್ಮೆ ಅದರ ಮುಂದೆ ನಿಂತು, “ಏನೂ ತೊಂದರೆ ಕೊಡ್ತಿಲ್ವಾ?” ಎಂದು ವಿಚಾರಿಸುತ್ತಾರಂತೆ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಹಳೆಯ ಪ್ರಿಂಟರಿದ್ದು ಮೊಂಡು ಹಿಡಿದಿದ್ದರೆ ದಯವಿಟ್ಟು ತಿಳಿಸಿ, ಭಾವನನ್ನು ಕಳಿಸುತ್ತೇನೆ. ಎರಡು ಕಾಫಿ ಸಾಕು, ಬೇರೆ ಫೀಸಿಲ್ಲ. ಬೇಕಾದ ಪ್ರಿಂಟನ್ನು ಮಾತ್ರ ಮೊದಲೇ ಅಂಗಡಿಯಲ್ಲಿ ತೆಗೆಸಿಟ್ಟುಕೊಳ್ಳಿ.