ವಿದ್ಯುನ್ಮಿತವ್ಯಯ ಮೀಮಾಂಸೆ

ಆಂಧ್ರದ ಹಿಂದೂಪುರ-ಕಲ್ಯಾಣದುರ್ಗ ಸೀಮೆಯಲ್ಲಿ ವಿದ್ಯುತ್ತನ್ನು ಉಳಿಸಬೇಕೆಂಬ ಲೋಕಹಿತಚಿಂತನೆಯು ಯಾವ ಕಾಲದಲ್ಲಿ, ಯಾರ ಬುದ್ಧಿಯಲ್ಲಿ ಅಂಕುರಿಸಿತೆಂಬ ವಿಷಯವಾಗಿ ವಿದ್ವಾಂಸರು ಇನ್ನೂ ಜಗಳವಾಡಿಲ್ಲವಾದ ಕಾರಣ, ಆ ಜಗಳಕ್ಕೆ ನಾಂದಿ ಹಾಡುವ ಪುಣ್ಯವು ಈ ಲೇಖಕನ ಪಾಲಿಗೆ ಬಂದಿದೆ. ಇದೇ ಸೀಮೆಯ ಲೇಪಾಕ್ಷಿಯ ವೀರಭದ್ರಾಲಯದಲ್ಲಿ ನೆಲವನ್ನು ಪೂರ್ತಿಯಾಗಿ ಮುಟ್ಟದೆ ತೂಗುವ ಕಂಬವೊಂದಿದ್ದು, ಅರ್ತಿಂಗ್ ಇಲ್ಲದಿರುವ ಆ ಲಕ್ಷಣದಿಂದ ಅದು ನಮ್ಮ ಬೀದಿಯ ಕರೆಂಟು ಕಂಬಗಳ ಮೂಲಪುರುಷನೇ ಸರಿಯೆಂದು ಪೂರ್ವಪಕ್ಷಿಯು ವಾದಿಸಬಹುದು. ಆದರೆ ಹದಿನಾರನೆಯ ಶತಮಾನದ ಆ ಗುಡಿಯಲ್ಲಿ ಶಾಸನಗಳುಂಟೇ ಹೊರತು ಬಾಕಿ ಬಿಲ್ಲಿನ ನೋಟೀಸು ಇಲ್ಲವಾದುದರಿಂದ ಆ ವಾದವು ನಿಲ್ಲಲಾರದು.

ಆದ್ದರಿಂದ ಈ ಶಾಸ್ತ್ರಕ್ಕೆ 2001ರ ಇಂಧನ ಸಂರಕ್ಷಣಾ ಕಾಯಿದೆಯೇ ಶ್ರುತಿಯೆಂದು ಹಿಡಿಯೋಣ. ಇದರ ಕರ್ಮಕಾಂಡವು ಪ್ರತಿವರ್ಷ ಡಿಸೆಂಬರ್ 14ರಂದು ನೆರವೇರತಕ್ಕದ್ದು: ಶಾಲೆಯ ಮಕ್ಕಳು ಘೋಷಣೆ ಕೂಗುತ್ತ ಬೀದಿ ಸುತ್ತುವುದು, ಬಳಿಕ ಹಾಡುಹಗಲಲ್ಲಿ ಟ್ಯೂಬ್‌ಲೈಟು ಉರಿಯುವ ಶಾಮಿಯಾನದಡಿ ಮೈಕಿನ ಮುಂದೆ ಗಣ್ಯರು ಮಿತವ್ಯಯವನ್ನು ಅಮಿತವಾಗಿ ಉಪದೇಶಿಸುವುದು. ಮುಸ್ಸಂಜೆ ಸ್ವಿಚ್ಚು ಒತ್ತಿದೊಡನೆ ಬಲ್ಬಿಗೆ ಕೈಮುಗಿದು, ಊಟ ಮುಗಿದೊಡನೆ ಅದನ್ನು ಆರಿಸುವ ಅಜ್ಜಿಯರನ್ನು ಈ ವೇದಿಕೆಗೆ ಕರೆಯುವ ಸಂಪ್ರದಾಯವಿಲ್ಲ.

ಜ್ಞಾನಕಾಂಡವು ಬಂದುದು 2014ರಲ್ಲಿ, ಸರ್ಕಾರದ ಎಲ್‌ಇಡಿ ಯೋಜನೆಯ ರೂಪದಲ್ಲಿ. ಹಳೆಯ 60 ವ್ಯಾಟಿನ ಎರಡು ಬುರುಡೆ ಬಲ್ಬುಗಳನ್ನು ಒಪ್ಪಿಸಿದವರಿಗೆ ತಲಾ 10 ರೂಪಾಯಿಗೆ 7 ವ್ಯಾಟಿನ ಎರಡು ಎಲ್‌ಇಡಿ ಬಲ್ಬುಗಳು ಪ್ರಾಪ್ತವಾದುವು. ಆದರೆ ಯಂತ್ರಗಳು ಕಡಿಮೆ ಕಲ್ಲಿದ್ದಲು ತಿನ್ನತೊಡಗಿದಷ್ಟೂ ದೇಶವು ಹೆಚ್ಚು ಕಲ್ಲಿದ್ದಲನ್ನು ಉರಿಸೀತೆಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸನು 1865ರಲ್ಲಿಯೇ ಸೂತ್ರ ಬರೆದಿಟ್ಟಿದ್ದನಷ್ಟೆ. ಮೊದಲು ದೀಪವೇ ಇಲ್ಲದಿದ್ದ ಹಿತ್ತಲಿನಲ್ಲಿ ‘ಇದು ಕರೆಂಟು ತಿನ್ನಲ್ಲವಂತೆ’ ಎಂದು ಬೆಳತನಕ ಬಲ್ಬು ಉರಿಸುವವರು ಅದಕ್ಕೆ ಭಾಷ್ಯ ಬರೆದವರು.

ಇನ್ನು ಗಣಿತ. ಆ ಎರಡು ಬಲ್ಬುಗಳು ದಿನಕ್ಕೆ 4 ಗಂಟೆ ಉರಿದರೆ ಉಳಿಯುವುದು 424 ವ್ಯಾಟ್-ಗಂಟೆ, ಎಂದರೆ ಅರ್ಧ ಯೂನಿಟ್ಟಿಗೂ ಕಡಿಮೆ. ಕಲ್ಯಾಣದುರ್ಗದ ಕಡಲೆಕಾಯಿ ಹೊಲದ ಬೋರಿನಲ್ಲಿ ಕೂತ 5 ಎಚ್.ಪಿ. ಮೋಟರು ಇಷ್ಟನ್ನು ಸುಮಾರು 7 ನಿಮಿಷದಲ್ಲಿ ಆಪೋಶನ ತೆಗೆದುಕೊಳ್ಳುತ್ತದೆ. 2004ರಿಂದ ಹೊಲದ ಕರೆಂಟು ಪುಕ್ಕಟೆ. ಅದು ಬರುವ ಹೊತ್ತು ನಿಶ್ಚಯವಿಲ್ಲದೆ, ನಡುರಾತ್ರಿಯಲ್ಲಿ ಹಾವು-ಚೇಳುಗಳ ನಡುವೆ ನಡೆದು ಸ್ವಿಚ್ಚು ಒತ್ತಲಾರದ ರೈತನು ಆಟೋ ಸ್ಟಾರ್ಟರ್ ಕಟ್ಟಿಸಿದನು. ಕರೆಂಟು ಬಂದೊಡನೆ ತಾನಾಗಿ ಎದ್ದು, ಬೇಕೋ ಬೇಡವೋ ವಿಚಾರಿಸದೆ, ಫಲಾಪೇಕ್ಷೆಯಿಲ್ಲದೆ ನೀರೆತ್ತುವ ಆ ಪೆಟ್ಟಿಗೆಯು ನಿಷ್ಕಾಮ ಕರ್ಮದ ಪರಮಾದರ್ಶ. ಮಳೆ ಕೈಕೊಟ್ಟ ನಾಡಿನಲ್ಲಿ ಅವನನ್ನು ದೂಷಿಸುವುದು ಅಧರ್ಮ; ಪುಕ್ಕಟೆ ಕರೆಂಟಿಗೆ, ತಂತಿಯಲ್ಲಿ ಕರೆಂಟು ಪೋಲಾಗುವುದನ್ನು ತಗ್ಗಿಸುವ ಕೆಪಾಸಿಟರು ಕಡ್ಡಾಯವೆಂದು ಷರತ್ತು ಬರೆದು, ಬಳಿಕ ಅತ್ತ ತಿರುಗಿ ನೋಡದವರನ್ನು ದೂಷಿಸಿದರೆ ದೋಷವಿಲ್ಲ.

ಸಿದ್ಧಾಂತವಿಷ್ಟು: ನಮ್ಮಲ್ಲಿ ಉಪದೇಶವು ಅತ್ಯಲ್ಪ ಕರೆಂಟು ಉರಿಸುವವನ ಕಿವಿಗೇ ಬೀಳುತ್ತದೆ. ಮುಖ್ಯೋಪಾಧ್ಯಾಯರೇ, ಬರುವ ಡಿಸೆಂಬರ್ 14ರಂದು ಮೆರವಣಿಗೆಯನ್ನು ಊರೊಳಗೆ ತಿರುಗಿಸದೆ ಮೋಟರ್ ಶೆಡ್ಡುಗಳತ್ತ ಕರೆದೊಯ್ಯಿರಿ. ಬ್ಯಾನರಿಗೆಂದು ಎತ್ತಿಟ್ಟ ಹಣದಲ್ಲಿ ಒಂದೆರಡು ಕೆಪಾಸಿಟರು ಕೊಂಡು ಹೋಗಿರಿ.