ಚಳಿಗಾಲದ ಕೈತೋಟ ಕೆಡಿಸುವ ಕೈಪಿಡಿ

ಹುಬ್ಬಳ್ಳಿ ಬಳಿಯ ತಾರಿಹಾಳದಲ್ಲಿ ಚಳಿಗಾಲದ ಕೈತೋಟ ಕೆಡಿಸುವುದು ಸುಲಭದ ಕೆಲಸವಲ್ಲ. ಇಲ್ಲಿಯದು ಎರೆಮಣ್ಣು. ಮಳೆಗಾಲದಲ್ಲಿ ಕುಡಿದ ನೀರನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿರುತ್ತದೆ. ಡಿಸೆಂಬರಿನ ನಸುಕಿನಲ್ಲಿ 14 ಡಿಗ್ರಿಯ ಆಸುಪಾಸು ಚಳಿ, ಮಧ್ಯಾಹ್ನ 29ರ ಆಸುಪಾಸು ಹಿತವಾದ ಬಿಸಿಲು. ವರ್ಷದ ಅತಿ ಚಿಕ್ಕ ಹಗಲೂ 11 ತಾಸು ದಾಟುತ್ತದೆ. ಇಂಥ ಹವೆಯಲ್ಲಿ ಮೆಂತ್ಯ ಚೆಲ್ಲಿ ಮರೆತರೂ ತಿಂಗಳೊಳಗೆ ಪಲ್ಯಕ್ಕೆ ಬರುತ್ತದೆ. ಸುತ್ತಲಿನ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆ, ಕುಸುಬೆಗಳು ನೆಲದ ಹಸಿಯನ್ನೂ ಇಬ್ಬನಿಯನ್ನೂ ನಂಬಿಕೊಂಡೇ ಬೆಳೆದು ನಿಲ್ಲುತ್ತವೆ. ಆದ್ದರಿಂದ ಸೋಲಬೇಕೆಂದರೆ ಹಣ ಬೇಕು, ಓದು ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಪಕ್ಕದ ಹೊಲದ ಕಡೆ ಕಣ್ಣು ಹಾಯಿಸದಿರುವ ಸಂಯಮ ಬೇಕು. ಕೆಳಗಿನ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿ.

1. ಗುರುವನ್ನು ಆರಿಸಿಕೊಳ್ಳಿ

ಇಂಗ್ಲೆಂಡಿನ ತೋಟಗಾರನೊಬ್ಬನ ವಿಡಿಯೊ ಹುಡುಕಿ. ಉಣ್ಣೆ ಟೊಪ್ಪಿಗೆ, ಮೊಣಕಾಲುದ್ದದ ರಬ್ಬರ್ ಬೂಟು ಇದ್ದರೆ ಅವನೇ ಸರಿಯಾದ ಮನುಷ್ಯ. ಲಂಡನ್ನಿನಲ್ಲಿ ಡಿಸೆಂಬರ್ ಕೊನೆಗೆ ಹಗಲು ಎಂಟು ತಾಸೂ ತುಂಬುವುದಿಲ್ಲ, ಮೇಲೆ ಹಿಮ ಬೀಳುತ್ತದೆ, ನೆಲ ಹೆಪ್ಪುಗಟ್ಟುತ್ತದೆ. ಅಲ್ಲಿ ನಾಲ್ಕು ಎಲೆ ಬದುಕಿಸಲು ಅವನು ಪಡುವ ಪಾಡನ್ನೆಲ್ಲ ಬರೆದಿಟ್ಟುಕೊಳ್ಳಿ. ಅವನಿಗದು ಅನಿವಾರ್ಯ. ನಿಮಗೆ ಅನಿವಾರ್ಯವಲ್ಲ ಎಂಬ ಸಣ್ಣ ಕಾರಣಕ್ಕೆ ಅದನ್ನು ಬಿಡಬೇಡಿ.

ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಿಂದ ಇದೇ ಮಣ್ಣು, ಇದೇ ಹವೆಯ ಮೇಲೆ ಕೆಲಸ ಮಾಡುತ್ತಿದೆ. ಹುಬ್ಬಳ್ಳಿಯಲ್ಲಿ ಚಿಗರಿ ಬಸ್ ಹತ್ತಿದರೆ ಹೋಗಿಬರುವುದು ಕಷ್ಟವಲ್ಲ. ಇಷ್ಟು ಹತ್ತಿರ ಸಿಗುವ ವಿದ್ಯೆಗೆ ಬೆಲೆಯಿಲ್ಲ, ಆ ಕಡೆ ಹೋಗಬೇಡಿ. ಮನಸ್ಸು ತಡೆಯದಿದ್ದರೆ ಕೃಷಿ ಮೇಳದ ದಿನ ಹೋಗಿ. ಮಿರ್ಚಿ ಭಜಿ ತಿನ್ನಿ, ದೊಡ್ಡ ಟ್ರ್ಯಾಕ್ಟರಿನ ಮುಂದೆ ಫೋಟೊ ತೆಗೆಸಿಕೊಳ್ಳಿ, ಬೀಜದ ಮಳಿಗೆಯಲ್ಲಿ ಪಾಳಿ ಉದ್ದವಿದೆ ಎಂದು ಬೈದು ಮನೆಗೆ ಬನ್ನಿ.

2. ಮಣ್ಣಿಗೆ ಬುದ್ಧಿ ಕಲಿಸಿ

ಎರೆಮಣ್ಣು ಹದಕ್ಕೆ ಬರಲಿ ಎಂದು ಕಾಯಬೇಡಿ. ಹಸಿಯಾಗಿ ಅಂಟುತ್ತಿರುವಾಗಲೇ ತುಳಿದಾಡಿ ಅಗೆಯಿರಿ. ವಾರದ ಬಿಸಿಲಿಗೆ ಒಂದೊಂದು ಹೆಂಟೆಯೂ ಕಲ್ಲಾಗುತ್ತದೆ. ಆಗ, ಈ ಮಣ್ಣು ಯಾತಕ್ಕೂ ಬಾರದು ಎಂದು ತೀರ್ಪು ಕೊಟ್ಟು ಟ್ರ್ಯಾಕ್ಟರ್ ತರಿಸಿ ಹೊರಗೆ ಸಾಗಿಸಿ. ಹತ್ತಿ, ಜೋಳ, ಮೆಣಸಿನಕಾಯಿಯಿಂದ ತಲೆತಲಾಂತರ ಊರು ಸಾಕಿದ ಮಣ್ಣು ಅದು, ನಿಮ್ಮ ಹಿತ್ತಲಿಗೆ ಸಾಲದು. ಅದರ ಜಾಗಕ್ಕೆ ಪ್ಲಾಸ್ಟಿಕ್ ಚೀಲ ಕೊಳ್ಳಿ, ಚೀಲಕ್ಕೆ ಇಟ್ಟಿಗೆಯಂತೆ ಒತ್ತಿ ಮಾರುವ ತೆಂಗಿನ ನಾರಿನ ಪುಡಿ ಕೊಳ್ಳಿ, ಪುಡಿಯಲ್ಲಿ ಸತ್ವವಿಲ್ಲವೆಂದು ಅದಕ್ಕೊಂದು ಡಬ್ಬಿ ಗೊಬ್ಬರ ಕೊಳ್ಳಿ. ಮಣ್ಣಿಲ್ಲದೆ ಬೆಳೆಯುತ್ತಿದ್ದೇನೆ ಎಂದು ಹೇಳಿಕೊಳ್ಳುವ ಸುಖವೇ ಬೇರೆ.

ಸಗಣಿ ಗೊಬ್ಬರ ಹಾಕಲೇಬೇಕೆಂದರೆ ಹಸಿಯದನ್ನೇ ಹಾಕಿ. ತಿಪ್ಪೆಯಲ್ಲಿ ಕೊಳೆತು ಕಪ್ಪಗೆ ಹುಡಿಯಾದ ಗೊಬ್ಬರದಲ್ಲಿ ಗಿಡಕ್ಕೆ ಮಾತ್ರ ಲಾಭ. ಹಸಿ ಸಗಣಿಯಲ್ಲಿ ಗೊಣ್ಣೆ ಹುಳುವಿಗೂ ಬದುಕಿದೆ.

3. ಬೀಜ ದೂರದಿಂದ ತರಿಸಿ

ಮೆಂತ್ಯ, ಕೊತ್ತಂಬರಿ, ಸಬ್ಬಸಗಿ, ಮೂಲಂಗಿ, ಗಜ್ಜರಿ, ಬದನೆ ಇವೆಲ್ಲ ಇಲ್ಲಿ ತಾವಾಗಿಯೇ ಬರುತ್ತವೆ, ಅದಕ್ಕೇ ಅವು ಬೇಡ. ಕೇಲ್ ಸೊಪ್ಪಿನ ಬೀಜ ತರಿಸಿ. ಹಿಮದ ಹೊಡೆತ ಬಿದ್ದ ಮೇಲೆ ಕೇಲ್ ಎಲೆ ತನ್ನ ಪಿಷ್ಟವನ್ನು ಸಕ್ಕರೆ ಮಾಡಿಕೊಂಡು ಸಿಹಿಯಾಗುತ್ತದೆ ಎಂದು ಗುರು ಹೇಳಿರುತ್ತಾನೆ. ತಾರಿಹಾಳದಲ್ಲಿ ಹಿಮ ಬೀಳುವುದಿಲ್ಲ. ಹೆದರಬೇಡಿ, ಕುಂಡ ಸಮೇತ ಫ್ರಿಜ್ಜಿನಲ್ಲಿಡಿ. ಮನೆಯವರು ಹಾಲಿನ ಪಾತ್ರೆ ಎಲ್ಲಿಡಲಿ ಎಂದು ಕೇಳಿದರೆ, ಹೊರಗೆ ಹೇಗೂ ಚಳಿಯಿದೆಯಲ್ಲ ಎನ್ನಿ.

ಜೊತೆಗೆ ಡಿಸೆಂಬರಿನಲ್ಲಿ ಬೆಂಡೆ ಊರಿ. ಅದು ಸೆಕೆ ಬೇಡುವ ಬೆಳೆ, ಚಳಿಯಲ್ಲಿ ಮೊಳೆಯಲು ಮೀನಮೇಷ ಎಣಿಸುತ್ತದೆ. ಹೂಕೋಸು ಹಾಕುವಾಗ ಪೊಟ್ಟಣದ ಮೇಲಿನ ಋತು ಓದಬೇಡಿ. ಹೂಕೋಸಿನಲ್ಲಿ ತಳಿಗೊಂದು ಕಾಲ. ಬೇಗ ಹಾಕಬೇಕಾದ ತಳಿಯನ್ನು ತಡಮಾಡಿ ಚಳಿಗೆ ಸಿಕ್ಕಿಸಿದರೆ ಅಂಗಿಯ ಗುಂಡಿಯಷ್ಟೇ ಹೂ ಕಟ್ಟುತ್ತದೆ. ಅಪರೂಪದ ತಳಿ ಎಂದು ಬಂಧುಗಳಿಗೆ ಹಂಚಿ.

4. ಕಳೆ ಕೀಳಿ

ಚಳಿ ಬಿದ್ದೊಡನೆ ಬದುವಿನಲ್ಲೂ ಹೊಲದಲ್ಲೂ ಹಕ್ಕರಕಿ ತಾನಾಗಿ ಹುಟ್ಟುತ್ತದೆ. ಯಾರೂ ಬಿತ್ತಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಊರಿನವರು ಅದನ್ನು ಕಿತ್ತು ತೊಳೆದು, ಹಸಿಯಾಗಿಯೇ ಜೋಳದ ರೊಟ್ಟಿಯೊಂದಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ತಿನ್ನುತ್ತಾರೆ. ನೀವು ಅದನ್ನು ಬೇರುಸಹಿತ ಕಿತ್ತು ಕಾಂಪೌಂಡಿನಾಚೆ ಎಸೆಯಿರಿ. ಆಮೇಲೆ ಕಾರು ತೆಗೆದು ಹುಬ್ಬಳ್ಳಿಯ ಮಾಲ್‌ಗೆ ಹೋಗಿ, ತಣ್ಣನೆಯ ಕಪಾಟಿನಿಂದ ಲೆಟಿಸ್ ಕೊಳ್ಳಿ. ಸಸ್ಯಶಾಸ್ತ್ರದ ಪ್ರಕಾರ ಹಕ್ಕರಕಿಯೂ ಲೆಟಿಸ್ಸೂ ಒಂದೇ ಕುಟುಂಬ, ಹತ್ತಿರದ ಬಳಗ. ಬಡ ನೆಂಟರನ್ನು ಹೊರಹಾಕಿ ಸಾಹುಕಾರ ನೆಂಟರನ್ನು ಕರೆತರುವುದು ಲೋಕರೂಢಿಯೇ ಆಗಿರುವಾಗ ಹಿತ್ತಲಿನಲ್ಲೇಕೆ ಬೇರೆ ನಿಯಮ?

5. ಹೊದಿಕೆ ಹೊದಿಸಿ

ಗುರು ತನ್ನ ಗಿಡಗಳಿಗೆ ಬಿಳಿಯ ತೆಳುಬಟ್ಟೆ ಹೊದಿಸುತ್ತಾನೆ. ನಿಮ್ಮಲ್ಲಿ ಅದಿಲ್ಲದಿದ್ದರೆ ಮನೆಯ ಕೌದಿ ಹೊದಿಸಿ. ಅಜ್ಜಿ ಹಳೆ ಸೀರೆ ಪದರ ಪದರ ಸೇರಿಸಿ ಹೊಲಿದದ್ದಾದರೆ ಇನ್ನೂ ಬೆಚ್ಚಗೆ. ಮುಖ್ಯವಾದ ಮಾತು: ಬೆಳಗಾದ ಮೇಲೆ ತೆಗೆಯಬೇಡಿ. ಮಧ್ಯಾಹ್ನದ ಬಿಸಿಲಿಗೆ ಟೊಮೆಟೊ ಗಿಡದಲ್ಲೇ ಬೇಯತೊಡಗಿದರೆ ಸಾರಿನ ಅರ್ಧ ಕೆಲಸ ಮುಗಿಯಿತು.

6. ನೀರು ರಾತ್ರಿ ಹಾಕಿ

ನಲ್ಲಿ ನೀರು ಮಲಪ್ರಭಾ ನದಿಯಿಂದ ಬರಬೇಕು, ಅದೂ ಬಿಟ್ಟು ಬಿಟ್ಟು. ಆದ್ದರಿಂದ ಬಂದ ರಾತ್ರಿಯೇ ಎಲ್ಲವನ್ನೂ ಸುರಿಯಿರಿ. ಬುಡಕ್ಕಲ್ಲ, ಎಲೆಗಳ ಮೇಲೆ, ಮಳೆಯಂತೆ. ಎಲೆ ಬೆಳಗಿನವರೆಗೂ ತೊಯ್ದು ತಣ್ಣಗಿದ್ದರೆ ಅಂಗಮಾರಿ ರೋಗಕ್ಕೆ ಮನೆ ಸಿದ್ಧ. ಟೊಮೆಟೊ, ಆಲೂಗಡ್ಡೆ ಎರಡಕ್ಕೂ ಬರುವ ರೋಗವದು. ಬ್ರಿಟನ್ನಿನ ಮಗ್ಗುಲಿನ ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆಯನ್ನು ಕೊಳೆಸಿ, ಸುಮಾರು 10 ಲಕ್ಷ ಜನರನ್ನು ಬಲಿತೆಗೆದುಕೊಂಡ ಬರಗಾಲಕ್ಕೆ ಕಾರಣವಾದದ್ದು ಇದೇ. ನಿಮ್ಮ ಹಿತ್ತಲಿಗೆ ಅಂತರರಾಷ್ಟ್ರೀಯ ಮಟ್ಟ ಬರಲು ಇದಕ್ಕಿಂತ ಅಗ್ಗದ ದಾರಿಯಿಲ್ಲ.

7. ಔಷಧ ಹೊಡೆಯಿರಿ

ಮೆಣಸಿನ ಎಲೆ ಮುಟುರಿದರೆ ಕಾರಣ ಹುಡುಕಬೇಡಿ. ಮೇಲಕ್ಕೆ ಮುದುಡಿದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮುದುಡಿದರೆ ಮೈಟ್ ನುಸಿ ಎಂದು ಬಗ್ಗಿ ನೋಡುವವರಿಗೆ ಸೊಂಟ ನೋಯುತ್ತದೆ. ಅಂಗಡಿಯಲ್ಲಿ ನಿಂತು "ಸ್ಟ್ರಾಂಗ್ ಇರೋದು ಕೊಡ್ರಿ" ಎನ್ನಿ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡಿ. ಹಸಿರಾದರೆ ವಿಷ ಕಡಿಮೆ, ವಾಪಸ್ ಕೊಡಿ. ಕೆಂಪಾದರೆ ಅತಿ ಘೋರ, ಎರಡು ಕಟ್ಟಿಸಿಕೊಳ್ಳಿ. ಜೇನ್ನೊಣ ಹೂವಿಗೆ ಬರುವ ಹೊತ್ತು ನೋಡಿ ಸಿಂಪಡಿಸಿ, ಮರುದಿನವೇ ಕೊಯ್ದು, "ಮನೆಯಲ್ಲೇ ಬೆಳೆದದ್ದು, ಪೂರ್ತಿ ಸಾವಯವ" ಎಂದು ಕೊಡಿ.

ಟೊಮೆಟೊದ 16 ಸಾಲಿಗೆ ಒಂದು ಸಾಲು ಚೆಂಡು ಹೂ ಹಾಕಿದರೆ ಕಾಯಿಕೊರಕದ ಪತಂಗ ಹೂವಿಗೆ ಹೋಗಿ ಮೊಟ್ಟೆಯಿಡುತ್ತದೆ ಎಂದು ಹೆಸರಘಟ್ಟದ ತೋಟಗಾರಿಕೆ ವಿಜ್ಞಾನಿಗಳು ಹೇಳುತ್ತಾರೆ. ಹೂವಿನಿಂದ ಹುಳು ಹಿಡಿಯುವುದರಲ್ಲಿ ಗಾಂಭೀರ್ಯ ಎಲ್ಲಿದೆ?

8. ಹಿರಿಯರಿಂದ ದೂರವಿರಿ

ಪಕ್ಕದ ಹೊಲದ ಅಜ್ಜ ಬೇಲಿಯಾಚೆ ನಿಂತು ಕೇಳಿಯೇ ಕೇಳುತ್ತಾರೆ:

"ಏನ್ರೀ ಸರ, ಟಮಾಟಿ ಗಿಡಕ್ಕ ಕೌದಿ ಯಾಕ ಹೊಚ್ಚೀರಿ? ಜ್ವರಾ ಬಂದಾವೇನು?"

"ಹಿಮಾ ಬೀಳತೈತ್ರಿ ಅಜ್ಜಾರ" ಎಂದು ಶಾಂತವಾಗಿ ಉತ್ತರಿಸಿ.

ಅವರು ಮುಗಿಲು ನೋಡುತ್ತಾರೆ. ಆಮೇಲೆ, ಕಡಲೆಯ ಕುಡಿ ಚಿವುಟಿದರೆ ಗಿಡ ಕವಲೊಡೆಯುತ್ತದೆ, ಚಿವುಟಿದ ಕುಡಿ ಪಲ್ಯಕ್ಕಾಗುತ್ತದೆ ಎನ್ನುತ್ತಾರೆ. ರಾತ್ರಿ ಕಡಲೆಯ ಮೇಲೆ ತೆಳು ಅರಿವೆ ಹಾಸಿ, ನಸುಕಿನಲ್ಲಿ ಇಬ್ಬನಿ ಸಮೇತ ಹಿಂಡಿದರೆ ಹುಳಿ ಸಿಗುತ್ತದೆ, ಹೊಟ್ಟೆನೋವಿಗೆ ಒಳ್ಳೆಯದು ಎಂದೂ ಸೇರಿಸುತ್ತಾರೆ. ಅಪಾಯದ ಗಳಿಗೆ ಇದು. ಇನ್ನೆರಡು ಮಾತು ಕೇಳಿದರೆ ನಿಮ್ಮ ತೋಟ ಚಿಗುರುವ ಸಂಭವವಿದೆ. ತಕ್ಷಣ ಫೋನ್ ಬಂದಂತೆ ನಟಿಸಿ ಒಳಗೆ ನಡೆಯಿರಿ.

9. ಕೊಯ್ಲು

ಎಳ್ಳಮಾವಾಸ್ಯೆಯ ದಿನ ಅದೇ ಅಜ್ಜ ಹೊಲಕ್ಕೆ ಎಡೆಯ ಚರಗ ಚೆಲ್ಲಲು ಕರೆಯುತ್ತಾರೆ. ತಪ್ಪಿಸಬೇಡಿ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಶೇಂಗಾ ಹೋಳಿಗೆ ಕಣ್ತುಂಬ ನೋಡಿ, ಹೊಟ್ಟೆತುಂಬ ಉಣ್ಣಿ. ಉಂಡ ಮೇಲೆ, ಈ ಊರಿನ ಮಣ್ಣಿನಲ್ಲಿ ಏನೂ ಬೆಳೆಯುವುದಿಲ್ಲ ಎಂದು ಅವರಿಗೇ ವಿವರಿಸಿ. ಬರುವಾಗ ಅವರು ಕೈಗಿಡುವ ಬದನೆಕಾಯಿ, ಸೌತೆಕಾಯಿಗಳನ್ನು ನಿಮ್ಮ ಚೀಲಗಳ ನಡುವೆ ಇಟ್ಟು ಫೋಟೊ ತೆಗೆದು ಮನೆತನದ ವಾಟ್ಸಾಪ್ ಗುಂಪಿಗೆ ಹಾಕಿ. ಇದೇ ನಿಮ್ಮ ಕೊಯ್ಲು.

ಇಷ್ಟೆಲ್ಲ ಮಾಡಿದರೂ ಮೂಲೆಯಲ್ಲಿ ಎಲ್ಲೋ ಕೊತ್ತಂಬರಿ ತಲೆಯೆತ್ತಿದರೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಸಾಗಿಸುವಾಗ ಉಳಿದುಬಿಟ್ಟ ಎರೆಮಣ್ಣಿನ ತಪ್ಪದು. ಮಾರ್ಚ್ ಬಂದರೆ ಬಿಸಿಲು ಬಾಕಿ ಕೆಲಸ ಮುಗಿಸುತ್ತದೆ. ಅಲ್ಲಿಯವರೆಗೆ ಒಂದೇ ಎಚ್ಚರಿಕೆ: ಚೀಲ, ಪುಡಿ, ಬೀಜ, ಡಬ್ಬಿಗಳ ರಸೀದಿಗಳನ್ನು ಮನೆಯವರ ಕೈಗೆ ಸಿಗುವ ಜಾಗದಲ್ಲಿ ಇಡಬೇಡಿ. ಅವರು ಆ ಮೊತ್ತವನ್ನು ಸಂತೆಯ ಮೆಂತ್ಯದ ಸಿವುಡಿನ ದರದಿಂದ ಭಾಗಿಸಿ ನೋಡುತ್ತಾರೆ.