ನೀರುಳಿಸುವ ತೋಟಗಾರ

ನೀರುಳಿಸುವ ತೋಟಗಾರರು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ, ಕಾಂಪೌಂಡಿನೊಳಗೆ ಇನ್ನೂ ನಾಲ್ಕು ಮಾರು ಮಣ್ಣು ಉಳಿದಿರುವ ಮನೆಗಳಲ್ಲಿ ಕಾಣಸಿಗುತ್ತಾರೆ. ಸಾಮಾನ್ಯವಾಗಿ ನಿವೃತ್ತರು, ಮೊಣಕಾಲಿಗೆ ಎತ್ತಿ ಕಟ್ಟಿದ ಪಂಚೆ, ಕೈಯಲ್ಲೊಂದು ಮಗ್ಗು. ಸ್ವಭಾವತಃ ಮಿತವ್ಯಯಿಗಳಾದ ಇವರಿಗೆ 2024ರ ಮಾರ್ಚಿನಲ್ಲಿ ಕಾನೂನಿನ ಬಲವೂ ಒದಗಿತು. ಕುಡಿಯುವ ನೀರನ್ನು ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಸಾರಿದ್ದೇ ತಡ, ಬೀದಿಯಲ್ಲಿ ಯಾರ ಮನೆಯ ಪೈಪು ಸದ್ದು ಮಾಡಿದರೂ ಕಾಂಪೌಂಡಿನ ಮೇಲೊಂದು ತಲೆ ಏಳತೊಡಗಿತು. “ಕಾವೇರಿ 100 ಕಿಲೋಮೀಟರು ದೂರದಿಂದ ಏರು ಹತ್ತಿ ಬರ್ತಾಳೆ ಸ್ವಾಮಿ, ನಿಮ್ಮ ಸ್ಕೂಟರು ತೊಳೆಯೋಕಲ್ಲ.”

ಇವರ ಮನೆಗೆ ಊಟಕ್ಕೆ ಹೋಗುವವರು ಒಂದನ್ನು ಅರಿತಿರಬೇಕು: ಅಲ್ಲಿ ಸಿಂಕಿನಲ್ಲಿ ಕೈ ತೊಳೆಯುವಂತಿಲ್ಲ. ಎಲೆಯ ಮುಂದಿನಿಂದ ಎದ್ದವರನ್ನು ಹಿತ್ತಿಲಿಗೆ ಕರೆದೊಯ್ದು ಗಿಡ ಗೊತ್ತುಮಾಡಲಾಗುತ್ತದೆ. ಹುಳಿಯನ್ನ ಉಂಡ ಕೈ ಬಾಳೆಯ ಬುಡಕ್ಕೆ. ಮಜ್ಜಿಗೆಯ ಕೈ ಕರಿಬೇವಿಗೆ. ಹೋಳಿಗೆಯ ಕೈಗೆ ಇರುವೆ ಮುತ್ತುತ್ತದೆಂದು ಅದನ್ನು ಮೂಲೆಯ ತೆಂಗಿಗೆ ಸಾಗಹಾಕುತ್ತಾರೆ. ಯುಗಾದಿಯ ಮಧ್ಯಾಹ್ನ ಒಬ್ಬ ಅತಿಥಿ (ಹೆಸರು ಇಲ್ಲಿ ಅಪ್ರಸ್ತುತ) ಮೂರನ್ನೂ ಧಾರಾಳವಾಗಿ ಬಾರಿಸಿದ್ದರಿಂದ ಯಾವ ಗಿಡದ ಪಾಲೆಂದು ತೀರ್ಮಾನವಾಗದೆ, ಅಂಟುಗೈ ಎತ್ತಿ ಹಿಡಿದು ಕಾದ ಚಪ್ಪಡಿಯ ಮೇಲೆ ಬರಿಗಾಲಲ್ಲಿ ಕುಣಿಯಬೇಕಾಯಿತು. ಕೊನೆಗೆ ಅರ್ಧ ಚೊಂಬು ಮಂಜೂರಾಯಿತು. ಸಾಬೂನಿನ ನೀರು ಮಣ್ಣಿಗಾಗದು ಎಂಬ ಕಾರಣಕ್ಕೆ ಸಾಬೂನು ಸಿಗಲಿಲ್ಲ. ಆ ಬಿಳಿ ಅಂಗಿಯ ಮೇಲೆ ಹುಳಿಯ ಕಲೆ ಇಂದಿಗೂ ಇದೆ.

ಇವರ ಮಾತಿನಲ್ಲಿ ತಪ್ಪು ಹುಡುಕಲಾಗದು, ಕಷ್ಟವಿರುವುದೇ ಅಲ್ಲಿ. ಬಿಸಿಲೇರುವ ಮುನ್ನ ನೀರುಣಿಸಿದರೆ ಆವಿಯಾಗುವುದು ಕಡಿಮೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿದಾಗ ತಂಪು ತಾಗಿದರೆ ಆ ದಿನ ಗಿಡಕ್ಕೆ ಉಪವಾಸ. ದಿನಾ ಚಿಮುಕಿಸಿದರೆ ಬೇರು ಮೇಲೆಯೇ ಹರಡಿ ಸೋಮಾರಿಯಾಗುತ್ತದೆ. ಅಪರೂಪಕ್ಕೆ ಆಳಕ್ಕಿಳಿಯುವಂತೆ ಹೊಯ್ದರೆ ನೀರನ್ನು ಹುಡುಕಿಕೊಂಡು ಅದೂ ಇಳಿಯುತ್ತದೆ. ಬುಡಕ್ಕೆ ತರಗೆಲೆ, ತೆಂಗಿನ ನಾರಿನ ಹೊದಿಕೆ. ನೆರೆಯವರ ಆರ್‌ಒ ಯಂತ್ರ ಹೊರಚೆಲ್ಲುವ ನೀರಿಗೂ ಬಕೆಟ್ಟು ಬರುತ್ತದೆ; ಅದರಲ್ಲಿ ಉಪ್ಪಂಶ ಹೆಚ್ಚೆಂದು ಕುಂಡಗಳಿಗೆ ಹಾಕದೆ ಅಂಗಳ ತೊಳೆಯಲು ಇಡುತ್ತಾರೆ.

ಮನೆಯ ಮುಂದಿನ ಹುಲ್ಲುಹಾಸಿಗೆ ಮಾತ್ರ ಈ ಶಾಸ್ತ್ರ ಪೂರ್ತಿ ಅನ್ವಯಿಸದು. ಒಂದು ಚದರ ಮೀಟರು ನೆಲದ ಮೇಲೆ ಒಂದು ಮಿಲಿಮೀಟರು ನೀರು ಎಂದರೆ ಒಂದು ಲೀಟರು ಎಂಬ ಲೆಕ್ಕವನ್ನು ಬೀದಿಗೆಲ್ಲ ಕಲಿಸಿದವರು, ಆ ಹುಲ್ಲನ್ನು ಕಿತ್ತುಹಾಕಿ ಎಂದರೆ ಮಾತು ತಿರುಗಿಸುತ್ತಾರೆ. ಮಗಳ ಮಗು ಮೊದಲು ನಡೆದದ್ದು ಅದರ ಮೇಲೆ. ಅದೀಗ ಮೆಲ್ಬರ್ನಿನಲ್ಲಿ ಶಾಲೆಗೆ ಹೋಗುತ್ತದೆ. ಬೇಸಿಗೆಯಲ್ಲಿ ತುಸು ಉದ್ದ ಬಿಟ್ಟರೆ ಹುಲ್ಲೇ ನೆಲಕ್ಕೆ ನೆರಳಾಗುತ್ತದೆ, ಗರಿಕೆ ಕಂದಿದರೂ ಮಳೆ ಬಿದ್ದೊಡನೆ ಚಿಗುರುತ್ತದೆ. ಇದೆಲ್ಲ ಅವರಿಗೆ ಬಾಯಿಪಾಠ. ಆದರೂ ಏಪ್ರಿಲಿನ ಸಂಜೆ ಅತ್ತಿತ್ತ ನೋಡಿ ಎರಡು ಬಕೆಟ್ಟು ಹೊಯ್ಯುತ್ತಾರೆ. ಹುಳಿಯ ಕಲೆ ಹೊತ್ತವರು ಸಹ ಕಿಟಕಿಯಿಂದ ಕಂಡೂ ಕಾಣದಂತಿರುತ್ತಾರೆ.

ಮಳೆಗಾಲ ಇವರಿಗೆ ಒಗ್ಗದು. ಡ್ರಮ್ಮು, ಸಂಪು, ಹಂಡೆಗಳೆಲ್ಲ ತುಂಬಿ ತುಳುಕಿ ಉಳಿಸಲು ಏನೂ ಇಲ್ಲದೆ ಒಂದೆರಡು ವಾರ ಚಡಪಡಿಸಿ, ಬಳಿಕ ವಿದ್ಯುತ್ ಉಳಿತಾಯದತ್ತ ಹೊರಳುತ್ತಾರೆ. ಅಲ್ಲಿಂದ ದೀಪಾವಳಿಯವರೆಗೆ ನೆರೆಯವರ ವರಾಂಡದ ದೀಪಗಳಿಗೆ ಉಳಿಗಾಲವಿಲ್ಲ.